ನಾಯಿ ಕೊಡಿಸಿ, ಮೇಷ್ಟ್ರೇ!

ಹತ್ತನೇ ತರಗತಿಯಲ್ಲಿ ಕಣ್ಣಿನ ಪಾಠ ಮುಗಿಸಿದ ದಿನ ನಾನು ಮಕ್ಕಳಿಗೊಂದು ಪ್ರಶ್ನೆ ಹಾಕುವುದುಂಟು. ‘ಕಣ್ಣು ಕಾಣದವರನ್ನು ರಸ್ತೆ ದಾಟಿಸುವ ನಾಯಿಗೆ, ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂತೆಂದು ಗೊತ್ತಾಗುವುದು ಹೇಗೆ?’ ಪಟಪಟನೆ ಕೈಗಳು ಮೇಲೇಳುತ್ತವೆ. ‘ಟ್ರೇನಿಂಗ್ ಕೊಟ್ಟಿರ್ತಾರೆ ಸಾರ್’ ಎಂದು ಒಬ್ಬ. ‘ಬಣ್ಣ ನೋಡ್ಕೊಂಡು ಸಾರ್’ ಎಂದು ಇನ್ನೊಬ್ಬಳು. ಹೋದ ಸಲ ಹಿಂದಿನ ಬೆಂಚಿನ ಮಹಾಶಯನೊಬ್ಬ, ‘ನಮ್ಮೂರಲ್ಲಿ ಸಿಗ್ನಲ್ಲೇ ಇಲ್ವಲ್ಲ ಸಾರ್!’ ಅಂದ. ಅದೂ ಸರಿಯೇ.

ಉತ್ತರವೇನೆಂದರೆ, ನಾಯಿಗೆ ಗೊತ್ತಾಗುವುದಿಲ್ಲ. ಮನುಷ್ಯನ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರು ಬಗೆಯವು. ನಾಯಿಯಲ್ಲಿ ಎರಡೇ ಬಗೆ. 1989ರಲ್ಲಿ ಅಮೆರಿಕದ ಜೇ ನೈಟ್ಜ್ ಮತ್ತು ಸಂಗಡಿಗರು ಪ್ರಯೋಗ ಮಾಡಿ ಇದನ್ನು ತೋರಿಸಿದರು. ನೀಲಿ, ಹಳದಿಗಳ ಲೋಕ ಅದರದು. ಕೆಂಪು, ಹಸಿರುಗಳನ್ನು ಬೇರ್ಪಡಿಸಿ ನೋಡಲಾರದು. ಹಾಗಾದರೆ ರಸ್ತೆ ದಾಟುವ ಹೊತ್ತು ಯಾವುದೆಂದು ತೀರ್ಮಾನಿಸುವವರು ಯಾರು? ಕಣ್ಣು ಕಾಣದ ಆ ಮನುಷ್ಯರೇ. ವಾಹನಗಳ ಸದ್ದಿಗೆ ಕಿವಿಗೊಟ್ಟು, ಯಾವ ಕಡೆಯ ಓಟ ನಿಂತಿತು, ಯಾವ ಕಡೆಯದು ಹೊರಟಿತು ಎಂದು ಲೆಕ್ಕ ಹಾಕಿ ‘ನಡೆ’ ಎನ್ನುತ್ತಾರೆ. ಅವರ ಲೆಕ್ಕ ತಪ್ಪಿ ಯಾವುದೋ ಗಾಡಿ ನುಗ್ಗಿ ಬಂದರೆ ನಾಯಿ ಆಜ್ಞೆಯನ್ನು ಮೀರಿ ನಿಂತುಬಿಡುತ್ತದೆ. ಇದಕ್ಕೆ ‘ವಿವೇಕದ ಅವಿಧೇಯತೆ’ ಎಂದು ಹೆಸರು. ಮೂವತ್ತು ವರ್ಷ ಮಕ್ಕಳಿಗೆ ವಿಧೇಯತೆ ಬೋಧಿಸಿದ ನನಗೆ ಈ ಮಾತು ಬಹಳ ಹಿಡಿಸಿತು.

ಈ ಪ್ರಶ್ನೆ ನನ್ನ ಪಾಠಕ್ಕೆ ಸೇರಿದ್ದು ಈಚೆಗೆ, ನಾಲ್ಕೈದು ವರ್ಷದೊಳಗೆ. ಅದಕ್ಕೆ ಕಾರಣ ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುವ ಒಬ್ಬ ತಂದೆ.

ನಮ್ಮದು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ಆತನಿಗೆ ಊರ ಹೊರಗೆ ಒಂದೂವರೆ ಎಕರೆ ತೋಟ, ಮಂಡಿಯಲ್ಲಿ ಕೂಲಿ. ಮಗಳು ಆಗ ನನ್ನ ತರಗತಿಯಲ್ಲಿ, ಒಂಬತ್ತರಲ್ಲಿ. ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆ ಜಗುಲಿಯ ಮೇಲೆ ಬಂದು ಕುಳಿತು, ಫೋನು ತೆಗೆದು ಒಂದು ವಿಡಿಯೋ ತೋರಿಸಿದ. ಯಾವುದೋ ಪರದೇಶದ ಬೀದಿ. ಕಪ್ಪು ಕನ್ನಡಕದ ಹೆಂಗಸು, ಬದಿಯಲ್ಲಿ ಹಳದಿ ಬಣ್ಣದ ಲ್ಯಾಬ್ರಡಾರ್ ನಾಯಿ. ಇಬ್ಬರೂ ಜನಜಂಗುಳಿಯ ನಡುವೆ ನೀರಿನಂತೆ ಹರಿದುಹೋಗುತ್ತಿದ್ದರು. ‘ನೋಡಿ ಮೇಷ್ಟ್ರೇ, ಹೆಂಗೆ ಕರ್ಕಂಡು ಹೋಗ್ತದೆ. ನನ್ ಮಗೀಗೂ ಇಂಥದ್ದೊಂದು ನಾಯಿ ಕೊಡಿಸಿ. ಎಷ್ಟಾದ್ರೂ ಆಗ್ಲಿ. ತ್ವಾಟ ಇಟ್ಟಾದ್ರೂ ತರ್ತೀನಿ’ ಅಂದ.

ಹುಡುಗಿಗೆ ಚಿಕ್ಕಂದಿನಿಂದ ಇರುಳುಗಣ್ಣು. ಸಂಜೆಯಾದರೆ ಅಂಗಳದಲ್ಲಿ ಎಡವುವಳು. ಕ್ಯಾರೆಟ್ಟು, ಸೊಪ್ಪು, ವಿಟಮಿನ್ ಮಾತ್ರೆ ಎಲ್ಲ ಆಯಿತು. ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಕರೆದೊಯ್ದಾಗ ಅದು ಎ ಜೀವಸತ್ವದ ಕೊರತೆಯಲ್ಲ, ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ತಿಳಿಯಿತು. ಪೋಷಕರು ಇದನ್ನು ತಿಳಿದಿರುವುದು ಒಳ್ಳೆಯದು. ನಮ್ಮ ಅಕ್ಷಿಪಟಲದಲ್ಲಿ ಮಂದ ಬೆಳಕಿಗೆಂದು ಇರುವ ಕಂಬಿಕೋಶಗಳು ಸುಮಾರು 12 ಕೋಟಿ. ಬಣ್ಣಕ್ಕೂ ಸೂಕ್ಷ್ಮ ನೋಟಕ್ಕೂ ಇರುವ ಶಂಕುಗಳು ಸುಮಾರು 60 ಲಕ್ಷ. ಶಂಕುಗಳು ನಡುವಿನಲ್ಲಿ ದಟ್ಟವಾಗಿವೆ, ಕಂಬಿಗಳು ಸುತ್ತ ಹರಡಿವೆ. ಈ ಕಾಯಿಲೆಯಲ್ಲಿ ಮೊದಲು ಸಾಯುವುದು ಕಂಬಿಗಳು. ಹಾಗಾಗಿ ಮೊದಲು ರಾತ್ರಿ ಹೋಗುತ್ತದೆ, ಆಮೇಲೆ ಅಂಚು ಹೋಗುತ್ತದೆ, ನೋಟ ಒಳಗೊಳಗೇ ಕಿರಿದಾಗಿ ಕೊಳವೆಯೊಳಗಿಂದ ನೋಡಿದಂತಾಗುತ್ತದೆ. ಕೊನೆಗೆ ಕೆಲವರಿಗೆ ಅದೂ ಉಳಿಯುವುದಿಲ್ಲ.

ಇಂಥ ಮಗುವನ್ನು ಜನ ನಂಬುವುದಿಲ್ಲ. ಕರಿಹಲಗೆಯ ಮೇಲಿನ ಅಕ್ಷರ ಓದುತ್ತಾಳೆ, ಆದರೆ ಕಾಲ ಬಳಿಯ ಬಕೆಟ್ಟು ಒದೆಯುತ್ತಾಳೆ! ‘ಬೇಕೂಂತ ಮಾಡ್ತಾಳೆ’ ಎಂದು ಅಜ್ಜಿ ಬೈದದ್ದೂ ಉಂಟಂತೆ. ತಾಯಿಯದು ಇನ್ನೊಂದು ಸಂಕಟ. ಸೋದರಮಾವನನ್ನೇ ಮದುವೆಯಾದವಳು. ‘ನಮ್ಮಿಂದಲೇ ಬಂತಾ ಮೇಷ್ಟ್ರೇ?’ ಎಂದು ಕೇಳಿದಳು. ಮೆಂಡಲನ ಬಟಾಣಿ ಗಿಡದ ಲೆಕ್ಕ ನನಗೆ ಚೆನ್ನಾಗಿ ಬರುತ್ತದೆ. ಒಂದೇ ಮನೆತನದಲ್ಲಿ ಅಡಗಿದ್ದ ದುರ್ಬಲ ಗುಣವೊಂದು ಎರಡೂ ಕಡೆಯಿಂದ ಬಂದು ಕೂಡಿದರೆ ಹೀಗಾಗಬಹುದು, ಸಂಬಂಧವಿಲ್ಲದವರಲ್ಲೂ ಆಗಬಹುದು. ಎರಡನ್ನೂ ಹೇಳಿ, ಅದು ಯಾರ ಪಾಪವೂ ಅಲ್ಲ ಎಂದೆ. ತರಗತಿಯಲ್ಲಿ ಹೇಳುವಷ್ಟು ಸುಲಭವಾಗಿರಲಿಲ್ಲ.

ಔಷಧಿಯ ವಿಚಾರ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. 2017ರಲ್ಲಿ ಅಮೆರಿಕದಲ್ಲಿ ಒಂದು ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಆದರೆ ಈ ಕಾಯಿಲೆಗೆ ಕಾರಣವಾಗುವ ಹತ್ತಾರು ಜೀನುಗಳಲ್ಲಿ ಅದು ಆರ್‌ಪಿಇ65 ಎಂಬ ಒಂದಕ್ಕೆ ಮಾತ್ರ. ‘ಗ್ಯಾರಂಟಿ ಗುಣ’ ಎಂದು ಬೋರ್ಡು ಹಾಕಿದವರ ಬಳಿ ದಯವಿಟ್ಟು ಹೋಗಬೇಡಿ.

ಇರಲಿ, ನಾಯಿಯ ಮಾತಿಗೆ ಬರೋಣ. ಮಂಡಿಯ ಗೆಳೆಯನೊಬ್ಬನ ಮೂಲಕ ಆತ ಆಗಲೇ ಬೆಂಗಳೂರಿನ ಒಬ್ಬ ವ್ಯಾಪಾರಿಯನ್ನು ಹುಡುಕಿದ್ದ. ಬೆಲೆ ಮೂರೂವರೆ ಲಕ್ಷ. ಐವತ್ತು ಸಾವಿರ ಮುಂಗಡ. ನಾಯಿಯ ಜೊತೆಗೆ ‘ಫಾರಿನ್ ಸರ್ಟಿಫಿಕೇಟು’, ಕೊರಳಿಗೆ ಹಾಕುವ ಗುರುತಿನ ಚೀಟಿ, ಕೆಂಪು ಬಣ್ಣದ ಅಂಗಿ. ದುಡ್ಡು ಕೊಡಲು ಬುಧವಾರದವರೆಗೆ ಗಡುವು. ‘ಒಂದು ವಾರ ತಡಿ, ನಾನು ಓದಿ ಹೇಳ್ತೀನಿ’ ಎಂದು ಆತನನ್ನು ಕಳಿಸಿದೆ. ಆ ವಾರ ರಾತ್ರಿಯೆಲ್ಲ ನಾಯಿಪುರಾಣ ಓದಿದ್ದೇ ಓದಿದ್ದು. ಮನೆಯಾಕೆ, ‘ಬಿ.ಎಸ್ಸಿ.ಗೂ ಇಷ್ಟು ಓದಿರಲಿಕ್ಕಿಲ್ಲ ನೀವು’ ಅಂದಳು.

ಕತೆ ಶುರುವಾಗುವುದು ಮೊದಲನೆಯ ಮಹಾಯುದ್ಧದಲ್ಲಿ. ವಿಷಾನಿಲದಿಂದಲೂ ಸಿಡಿಗುಂಡಿನಿಂದಲೂ ಕಣ್ಣು ಕಳೆದುಕೊಂಡ ಸೈನಿಕರು ಜರ್ಮನಿಯ ತುಂಬ. ಗೆರ್ಹಾರ್ಡ್ ಸ್ಟಾಲಿಂಗ್ ಎಂಬ ವೈದ್ಯರು 1916ರಲ್ಲಿ ಓಲ್ಡೆನ್‌ಬುರ್ಗ್ ಊರಿನಲ್ಲಿ ಇವರಿಗಾಗಿ ನಾಯಿಗಳನ್ನು ಪಳಗಿಸುವ ಶಾಲೆ ತೆರೆದರು. ಆಮೇಲೆ ಪಾಟ್ಸ್‌ಡ್ಯಾಮ್‌ನಲ್ಲಿ ಇನ್ನೊಂದು. ಅದನ್ನು ಕಂಡು ಬೆರಗಾದವರು ಡೊರೊತಿ ಯೂಸ್ಟಿಸ್ ಎಂಬ ಅಮೆರಿಕದ ಮಹಿಳೆ. ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿ ಪೊಲೀಸಿಗೂ ಸೈನ್ಯಕ್ಕೂ ನಾಯಿ ತಯಾರು ಮಾಡುತ್ತಿದ್ದರು. 1927ರ ನವೆಂಬರಿನಲ್ಲಿ ಒಂದು ಅಮೆರಿಕನ್ ವಾರಪತ್ರಿಕೆಗೆ ಈ ಬಗ್ಗೆ ಲೇಖನ ಬರೆದರು.

ಆ ಪತ್ರಿಕೆಯನ್ನು ಟೆನೆಸಿ ಪ್ರಾಂತ್ಯದ ನ್ಯಾಶ್‌ವಿಲ್‌ನಲ್ಲಿ ಒಬ್ಬ ತಂದೆ ತನ್ನ ಮಗನಿಗೆ ಓದಿ ಹೇಳಿದ. ಮಗ ಮಾರಿಸ್ ಫ್ರ್ಯಾಂಕ್. ಚಿಕ್ಕವನಿದ್ದಾಗ ಒಂದು ಕಣ್ಣು, ಹದಿನಾರನೇ ವಯಸ್ಸಿನಲ್ಲಿ ಬಾಕ್ಸಿಂಗ್ ಆಡುವಾಗ ಇನ್ನೊಂದು ಕಣ್ಣು ಹೋಗಿತ್ತು. ತನಗೊಂದು ನಾಯಿ ಬೇಕೆಂದು, ಕಲಿತು ಬಂದರೆ ಇತರರಿಗೂ ಕಲಿಸುವೆನೆಂದು ಆತ ಯೂಸ್ಟಿಸ್‌ಗೆ ಕಾಗದ ಬರೆದ. 1928ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ತರಬೇತಿ ಪಡೆದು, ‘ಬಡ್ಡಿ’ ಎಂಬ ಹೆಣ್ಣು ನಾಯಿಯೊಂದಿಗೆ ನ್ಯೂಯಾರ್ಕಿನಲ್ಲಿ ಇಳಿದ. ಪತ್ರಿಕೆಯವರ ಕಣ್ಣೆದುರಿಗೇ ವೆಸ್ಟ್ ಸ್ಟ್ರೀಟ್ ಎಂಬ ಭಾರಿ ಓಡಾಟದ ರಸ್ತೆಯನ್ನು ನಾಯಿಯ ಹಿಡಿ ಹಿಡಿದು ದಾಟಿದ. ಯೂಸ್ಟಿಸ್‌ಗೆ ತಂತಿ ಕಳಿಸಿದ. ಅದರಲ್ಲಿ ಇದ್ದದ್ದು ಒಂದೇ ಪದ: ‘ಯಶಸ್ಸು’. 1929ರ ಜನವರಿಯಲ್ಲಿ ‘ಸೀಯಿಂಗ್ ಐ’ ಸಂಸ್ಥೆ ಹುಟ್ಟಿತು. ಇಂಗ್ಲೆಂಡಿನ ಮೊದಲ ನಾಲ್ಕು ನಾಯಿಗಳು 1931ರಲ್ಲಿ ತಯಾರಾದವು.

ಕಣ್ಣಿನದಾದ ಮೇಲೆ ಬೇರೆಯವೂ ಬಂದವು. 1975ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಬಾನಿ ಬರ್ಗಿನ್ ಎಂಬಾಕೆ ಗಾಲಿಕುರ್ಚಿಯಲ್ಲಿರುವವರಿಗೆ ಬಾಗಿಲು ತೆರೆಯುವ, ಬಿದ್ದ ವಸ್ತು ಎತ್ತಿಕೊಡುವ ನಾಯಿಗಳ ಸಂಸ್ಥೆ ಆರಂಭಿಸಿದರು. ಕಿವಿ ಕೇಳದವರಿಗೆ ಬಾಗಿಲ ಗಂಟೆ, ಮಗುವಿನ ಅಳು ತಿಳಿಸುವ ನಾಯಿಗಳಿವೆ. ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆ ಕುಸಿದಾಗ ಎಚ್ಚರಿಸುವ ನಾಯಿಗಳೂ ಇವೆ. ಸಕ್ಕರೆ ಇಳಿದಾಗ ಉಸಿರಿನಲ್ಲಿ ಐಸೊಪ್ರೀನ್ ಎಂಬ ಅನಿಲ ಏರುತ್ತದೆಂದು 2016ರಲ್ಲಿ ಕೇಂಬ್ರಿಜ್‌ನವರು ಕಂಡುಹಿಡಿದರು. ನಾಯಿಯ ಮೂಗಿಗೆ ಸಿಗುವುದು ಅದೇ ಇರಬಹುದೆಂದು ಊಹೆ. ರಸಾಯನಶಾಸ್ತ್ರದ ಇಂಥ ಉದಾಹರಣೆ ಪಠ್ಯಪುಸ್ತಕದಲ್ಲಿ ಏಕಿಲ್ಲವೋ.

ನನಗೆ ಅತಿ ಉಪಯೋಗಕ್ಕೆ ಬಂದದ್ದು ಅಮೆರಿಕದ ಕಾನೂನು. ಅಲ್ಲಿ 1990ರ ಅಂಗವಿಕಲರ ಕಾಯಿದೆಯ ಪ್ರಕಾರ ಸೇವಾ ನಾಯಿಯನ್ನು ಹೋಟೆಲು, ಅಂಗಡಿ, ಆಸ್ಪತ್ರೆ ಎಲ್ಲಿಗೂ ಒಯ್ಯಬಹುದು. ಅನುಮಾನ ಬಂದರೆ ಅಂಗಡಿಯವನು ಎರಡೇ ಪ್ರಶ್ನೆ ಕೇಳಬಹುದು. ಅಂಗವಿಕಲತೆಯ ಕಾರಣದಿಂದ ಈ ನಾಯಿ ಬೇಕಾಗಿದೆಯೇ? ಯಾವ ಕೆಲಸ ಮಾಡಲು ಇದಕ್ಕೆ ಕಲಿಸಲಾಗಿದೆ? ಅಷ್ಟೇ. ಸರ್ಟಿಫಿಕೇಟು ತೋರಿಸೆಂದು ಕೇಳುವ ಹಾಗಿಲ್ಲ. ಏಕೆಂದರೆ ಅಲ್ಲಿನ ಸರ್ಕಾರ ಅಂಥ ಸರ್ಟಿಫಿಕೇಟನ್ನೇ ಕಡ್ಡಾಯ ಮಾಡಿಲ್ಲ. ದುಡ್ಡು ಕೊಟ್ಟರೆ ಯಾವ ನಾಯಿಗಾದರೂ ಗುರುತಿನ ಚೀಟಿ, ಅಂಗಿ ಕಳಿಸಿಕೊಡುವ ಅಂಗಡಿಗಳು ಅಲ್ಲೂ ಇವೆ. ಕಾನೂನಿನಲ್ಲಿ ಆ ಕಾಗದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಮಮತೆಯಿಂದ ಪಕ್ಕದಲ್ಲಿ ಕುಳಿತು ಧೈರ್ಯ ಕೊಡುವ ನಾಯಿಯನ್ನೂ ಆ ಕಾಯಿದೆ ಸೇವಾ ನಾಯಿಯೆಂದು ಎಣಿಸುವುದಿಲ್ಲ. ಕಲಿತ ಕೆಲಸ ಇರಬೇಕು.

ಬುಧವಾರ ಸಂಜೆ ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ವ್ಯಾಪಾರಿಗೆ ಫೋನು ಮಾಡಿದೆ. ಎರಡನೆಯ ಪ್ರಶ್ನೆಯನ್ನೇ ಹಾಕಿದೆ.

‘ಈ ನಾಯಿ ಏನೇನು ಕೆಲಸ ಕಲಿತಿದೆ?’

‘ಎಲ್ಲಾ ಕಲ್ತಿದೆ ಸಾರ್. ಸಿಟ್, ಸ್ಟ್ಯಾಂಡ್, ಶೇಕ್‌ಹ್ಯಾಂಡ್. ಬೆಳಿಗ್ಗೆ ಪೇಪರ್ ತಂದ್ಕೊಡುತ್ತೆ.’

‘ಎದುರಿಗೆ ತೆರೆದ ಚರಂಡಿ ಬಂದರೆ?’

‘ಹಾರಿ ದಾಟುತ್ತೆ ಸಾರ್!’

‘ನಾಯಿ ದಾಟುತ್ತೆ ಕಣಪ್ಪಾ. ಹುಡುಗಿ?’

ಆ ಕಡೆ ಸ್ವಲ್ಪ ಹೊತ್ತು ಮೌನ. ಕೊನೆಯದಾಗಿ ಕೇಳಿದೆ, ‘ಹುಡುಗಿ ಎಷ್ಟು ದಿನ ತರಬೇತಿಗೆ ಬರಬೇಕು?’ ಆತ ನಕ್ಕ. ‘ಅವರ್ಯಾಕೆ ಸಾರ್ ಬರ್ಬೇಕು? ಟ್ರೇನಿಂಗ್ ನಾಯಿಗೆ ತಾನೆ?’

ತಂದೆ ತಾನೇ ಕೈಚಾಚಿ ಫೋನು ಆರಿಸಿದ. ಐವತ್ತು ಸಾವಿರ ಉಳಿಯಿತು. ಆದರೆ ಆತನ ಮುಖ ನೋಡಲಾಗಲಿಲ್ಲ. ಮೋಸದಿಂದ ಪಾರಾದೆನೆಂಬ ಸಮಾಧಾನ ಅಲ್ಲಿರಲಿಲ್ಲ. ಮಗಳಿಗಿದ್ದ ಒಂದು ದಾರಿಯೂ ಮುಚ್ಚಿತು ಎಂಬಂತಿತ್ತು.

ನಿಜವಾದ ತರಬೇತಿ ಹೇಗಿರುತ್ತದೆಂದು ಅಂದು ರಾತ್ರಿ ಅವರ ಮನೆಯಲ್ಲಿ ಕುಳಿತು ಮೂವರಿಗೂ ಹೇಳಿದೆ. ಮರಿಯನ್ನು ಮೊದಲು ಒಂದು ವರ್ಷಕ್ಕೂ ಮೇಲ್ಪಟ್ಟು ಸ್ವಯಂಸೇವಕರ ಮನೆಗಳಲ್ಲಿ ಬೆಳೆಸುತ್ತಾರೆ. ಬಸ್ಸು, ಮಾರುಕಟ್ಟೆ, ಗದ್ದಲ ಎಲ್ಲ ರೂಢಿಯಾಗಬೇಕು. ಆಮೇಲೆ ಶಾಲೆಯಲ್ಲಿ ತಿಂಗಳುಗಟ್ಟಲೆ ಪಾಠ. ಎಲ್ಲ ನಾಯಿಗಳೂ ಪಾಸಾಗುವುದಿಲ್ಲ. ಅಳಿಲು ಕಂಡರೆ ಓಡುವಂಥದ್ದು, ಪಟಾಕಿಗೆ ಬೆದರುವಂಥದ್ದು ಫೇಲು. ಪಾಸಾದ ನಾಯಿಗೂ ಅದರ ಯಜಮಾನರಿಗೂ ಕೂಡಿ ಮೂರು, ನಾಲ್ಕು ವಾರ ಜಂಟಿ ಅಭ್ಯಾಸ. ನಡಿಗೆಯ ವೇಗ, ತೋಳಿನ ಬಲ, ಸ್ವಭಾವ ನೋಡಿ ಜೋಡಿ ಮಾಡುತ್ತಾರೆ. ನಮ್ಮ ಜಾತಕ ಕೂಡಿಸುವುದಕ್ಕಿಂತ ಇದು ಕಟ್ಟುನಿಟ್ಟು. ಒಂದು ನಾಯಿಯ ಹಿಂದೆ ಹತ್ತಾರು ಸಾವಿರ ಡಾಲರು ಖರ್ಚು. ಅದನ್ನು ದಾನಿಗಳು ಭರಿಸುತ್ತಾರೆ. ಸೀಯಿಂಗ್ ಐ ಸಂಸ್ಥೆಯವರು ದಶಕಗಳ ಕಾಲ ಮೊದಲ ನಾಯಿಗೆ 150 ಡಾಲರು ಮಾತ್ರ ತೆಗೆದುಕೊಳ್ಳುತ್ತ ಬಂದವರು; ಅದೂ ಬಿಟ್ಟಿಯಾಗಿ ಪಡೆದೆವೆಂಬ ಸಂಕೋಚ ಬಾರದಿರಲೆಂದು.

‘ನಾಯಿಗೆ ಸ್ಕೂಲಿಗೆ ಹೋಗೋ ದಾರಿ ಗೊತ್ತಿರುತ್ತಾ ಸಾರ್?’ ಎಂದು ಕೇಳಿದ್ದು ಹುಡುಗಿ. ಅಷ್ಟು ಹೊತ್ತು ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಇಲ್ಲ, ದಾರಿ ನಿನಗೆ ಗೊತ್ತಿರಬೇಕು ಎಂದೆ. ಎಡಕ್ಕೆ, ಬಲಕ್ಕೆ, ಮುಂದಕ್ಕೆ ಎಂದು ಹೇಳಬೇಕಾದವಳು ನೀನು. ಗುಂಡಿ, ಕಂಬ, ತಲೆಗೆ ತಾಗುವ ಕೊಂಬೆ ಬಂದರೆ ತಪ್ಪಿಸುವುದು, ಮೆಟ್ಟಿಲು ಬಂದರೆ ನಿಲ್ಲುವುದು ಅದರ ಪಾಲಿನ ಕೆಲಸ. ಅದಕ್ಕೇ ಅಂಥ ಶಾಲೆಗಳು, ಬಿಳಿಕೋಲು ಹಿಡಿದು ಸ್ವತಂತ್ರವಾಗಿ ಓಡಾಡಲು ಕಲಿತವರಿಗೆ ಮಾತ್ರ ನಾಯಿ ಕೊಡುತ್ತವೆ. ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು. ಇವಳಿಗಿನ್ನೂ ಹದಿನಾಲ್ಕು.

‘ಅಂಗಾದ್ರೆ ಮೊದ್ಲು ಕೋಲು’ ಅಂದಳು ಅವಳು.

ಅಮ್ಮ ಅಳತೊಡಗಿದಳು. ನಾಯಿ ಹಿಡಿದ ಮಗಳು ವಿಡಿಯೋದಲ್ಲಿದ್ದಂತೆ ಚೆಂದ. ಕೋಲು ಹಿಡಿದರೆ ಊರೆಲ್ಲ ‘ಕುರುಡಿ’ ಎನ್ನುವುದಿಲ್ಲವೇ? ಬಹುಶಃ ತಂದೆಯ ಮೂರೂವರೆ ಲಕ್ಷದ ಹಿಂದೆ ಇದ್ದ ಭಯವೂ ಅದೇ. ಹೆಸರಿನ ವಿಷಯದಲ್ಲಿ ಸರ್ಕಾರವೂ ತಡಕಾಡಿದೆ. ಅಂಗವಿಕಲ ಎಂದಿತು, ವಿಕಲಚೇತನ ಎಂದಿತು, ಹಿಂದಿಯಲ್ಲಿ ದಿವ್ಯಾಂಗ ಎಂದಿತು. ನಮ್ಮ ಬೀದಿಯ ನಾಲಿಗೆ ಮಾತ್ರ ಬದಲಾಗಲಿಲ್ಲ.

ಕೋಲಿಗೂ ಚರಿತ್ರೆಯಿದೆ ಎಂದು ಸಮಾಧಾನ ಮಾಡಿದೆ. 1921ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜೇಮ್ಸ್ ಬಿಗ್ಸ್ ಎಂಬ ಛಾಯಾಗ್ರಾಹಕ ಅಪಘಾತದಲ್ಲಿ ಕಣ್ಣು ಕಳೆದುಕೊಂಡ. ಮನೆಯ ಮುಂದೆ ಹೆಚ್ಚುತ್ತಿದ್ದ ವಾಹನಗಳ ಕಾಟಕ್ಕೆ, ಚಾಲಕರಿಗೆ ಕಾಣಲೆಂದು ತನ್ನ ಊರುಗೋಲಿಗೆ ಬಿಳಿ ಬಣ್ಣ ಹೊಡೆದ. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದ ರಿಚರ್ಡ್ ಹೂವರ್, ಎದೆಮೂಳೆಯ ಎತ್ತರದ ಉದ್ದನೆಯ ಹಗುರ ಕೋಲಿನಿಂದ ನಡೆಯುವ ಶಾಸ್ತ್ರವನ್ನೇ ರೂಪಿಸಿದ. ಎಡಗಾಲು ಮುಂದಿಟ್ಟಾಗ ಕೋಲಿನ ತುದಿ ಬಲಕ್ಕೆ, ಬಲಗಾಲು ಇಟ್ಟಾಗ ಎಡಕ್ಕೆ, ಭುಜದ ಅಗಲಕ್ಕಿಂತ ತುಸು ಹೆಚ್ಚು. ಮುಂದಿನ ಹೆಜ್ಜೆ ಇಡುವ ಜಾಗವನ್ನು ಕೋಲು ಮೊದಲೇ ಮುಟ್ಟಿ ನೋಡಿರುತ್ತದೆ. ಸುಮ್ಮನೆ ಕುಟ್ಟಿಕೊಂಡು ಹೋಗುವುದಲ್ಲ.

ಮರುವಾರದಿಂದ ಕಾಗದಪತ್ರದ ಓಡಾಟ. ವೈಕಲ್ಯದ ಪ್ರಮಾಣಪತ್ರಕ್ಕೂ ಯುಡಿಐಡಿ ಕಾರ್ಡಿಗೂ ಅರ್ಜಿಯನ್ನು 2021ರ ಜೂನಿನಿಂದ ಕೇಂದ್ರದ ಪೋರ್ಟಲ್ಲಿನಲ್ಲೇ ಹಾಕಬೇಕು. ಸೈಬರ್ ಅಂಗಡಿಯಲ್ಲಿ ಹಾಕಿದ್ದಾಯಿತು. ಆಸ್ಪತ್ರೆಯೊಂದರ ಕಿಟಕಿಯಲ್ಲಿ ಕುಳಿತಿದ್ದ ಗುಮಾಸ್ತ, ‘ಬೋರ್ಡು ಓದ್ತಾಳಲ್ರೀ, ಇವಳಿಗ್ಯಾಕೆ ಸರ್ಟಿಫಿಕೇಟು?’ ಎಂದು ಕಳಿಸಿಬಿಟ್ಟ. ಇಂಥಲ್ಲಿ ಕಾನೂನಿನ ಒಂದು ಸಾಲು ಗೊತ್ತಿದ್ದರೆ ಸಾಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಅಂಧತ್ವವನ್ನು ಎರಡು ರೀತಿ ಅಳೆಯುತ್ತಾರೆ. ಒಂದು, ಅಕ್ಷರದ ಪಟ ಓದುವ ಶಕ್ತಿ. ಇನ್ನೊಂದು, ನೋಟದ ಹರವು. ಹರವು 10 ಡಿಗ್ರಿಗಿಂತ ಕಡಿಮೆಯಾದರೆ ಅದೂ ಅಂಧತ್ವವೇ. 40 ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಕಣ್ಣಿಗೆ ಸುಮಾರು 10 ಡಿಗ್ರಿ. ಅಷ್ಟು ಕಿಂಡಿಯಲ್ಲಿ ಕರಿಹಲಗೆಯ ಅಕ್ಷರ ಓದಬಹುದು, ಬಸ್‌ಸ್ಟ್ಯಾಂಡು ದಾಟಲಾಗದು. ಇದನ್ನೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ವೈದ್ಯರ ಮುಂದಿಟ್ಟೆ. ಅವರು ಸಜ್ಜನರು. ಹರವಿನ ಪರೀಕ್ಷೆಗೆ ಬರೆದರು. ಕಾರ್ಡು ಬರಲು ತಿಂಗಳುಗಳೇ ಹಿಡಿದವು, ಆದರೆ ಬಂತು.

1995ರ ಹಳೆಯ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2016ರದರಲ್ಲಿ ಇಪ್ಪತ್ತೊಂದು. ಥಲಸೀಮಿಯ, ಹಿಮೋಫಿಲಿಯ, ಕಲಿಕಾ ನ್ಯೂನತೆ, ಆಟಿಸಂ ಎಲ್ಲ ಸೇರಿವೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದೆ ವೈಕಲ್ಯವಿದ್ದವರಿಗೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5 ಸೀಟು, ಸರ್ಕಾರಿ ಕೆಲಸದಲ್ಲಿ ಶೇಕಡಾ 4 ಹುದ್ದೆ. 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕು. ನಿಮ್ಮ ಮಗುವಿಗೆ ಅನ್ವಯಿಸೀತೇ ಎಂದು ಒಮ್ಮೆ ನೋಡಿಕೊಳ್ಳಿ. ಸಂಕೋಚದಿಂದ ಕಾರ್ಡು ಮಾಡಿಸದೆ ಇರುವವರು ನನಗೇ ಎಷ್ಟೋ ಜನ ಗೊತ್ತು.

ಯಾರನ್ನು ಕೇಳುವುದು ಎಂಬುದೇ ಹಳ್ಳಿಯವರ ದೊಡ್ಡ ತೊಡಕು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಜನ ವಿಆರ್‌ಡಬ್ಲ್ಯು ಎನ್ನುತ್ತಾರೆ. ಅವರೂ ವಿಕಲಚೇತನರೇ ಆಗಿರುತ್ತಾರೆ. ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಶಾಲಾ ಮಕ್ಕಳಿಗಾದರೆ ಬಿಆರ್‌ಸಿ ಕಚೇರಿಯಲ್ಲಿ ವಿಶೇಷ ಶಿಕ್ಷಕರು. ನಮ್ಮ ಪಂಚಾಯ್ತಿಯ ಕಾರ್ಯಕರ್ತ ಪೋಲಿಯೊ ಆದ ಯುವಕ. ತ್ರಿಚಕ್ರ ಸ್ಕೂಟರಿನಲ್ಲಿ ಬಂದು, ಯಾವ ಕಚೇರಿಯ ಯಾವ ಮೇಜಿಗೆ ಯಾವ ಹೊತ್ತಿಗೆ ಹೋಗಬೇಕೆಂದು ಹೇಳಿದ. ನಾನು ಒಂದು ವಾರ ಓದಿದ್ದಕ್ಕಿಂತ ಅವನ ಹತ್ತು ನಿಮಿಷ ಹೆಚ್ಚು ಬಾಳಿತು. ಬೆಂಗಳೂರಿನಲ್ಲಿ 1959ರಿಂದ ನಡೆಯುತ್ತಿರುವ ಎಪಿಡಿ ಸಂಸ್ಥೆ, ಧ್ವನಿಪುಸ್ತಕಗಳನ್ನು ಮಾಡುವ ಮಿತ್ರಜ್ಯೋತಿ, ಸಮರ್ಥನಂ, ಕಿವಿ ಮಾತುಗಳ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಇವುಗಳ ವಿಚಾರ ಮೊದಲು ತಿಳಿದದ್ದು ಅವನಿಂದಲೇ. ಸಲಕರಣೆಗಳಿಗೆ 1981ರಲ್ಲೇ ಶುರುವಾದ ಅಡಿಪ್ ಎಂಬ ಕೇಂದ್ರ ಯೋಜನೆಯಿದೆ. ಕಾನ್ಪುರದ ಅಲಿಮ್ಕೋ ಕಾರ್ಖಾನೆಯವರು ಶಿಬಿರ ನಡೆಸಿ ಕೊಡುತ್ತಾರೆ.

ಕೋಲು ಹಿಡಿದು ನಡೆಯುವುದನ್ನು ಕಲಿಸಲು ಬಂದವರು ತಾವೇ ಕಣ್ಣು ಕಾಣದ ಒಬ್ಬ ತರಬೇತುದಾರರು. ಮೊದಲ ದಿನ ಶಾಲೆಯ ವರಾಂಡ. ಎರಡನೆಯ ವಾರ ಬೀದಿ. ಆಗ ಗೊತ್ತಾಯಿತು, ಆ ವಿಡಿಯೋದಲ್ಲಿ ನಾಯಿಯಷ್ಟೇ ಕೆಲಸ ಮಾಡುತ್ತಿದ್ದುದು ಆ ಬೀದಿ. ಅಂಚುಗಟ್ಟಿದ ಪಾದಚಾರಿ ದಾರಿ, ಅದರ ಮೇಲೆ ಬೈಕು ನಿಲ್ಲಿಸದ ಜನ, ನಾಯಿಯನ್ನು ಒಳಗೆ ಬಿಡಬೇಕೆಂಬ ಕಾನೂನು. ನಮ್ಮಲ್ಲಿ ಪಾದಚಾರಿ ದಾರಿಯೆಂದರೆ ಚರಂಡಿಯ ಮೇಲಿನ ಕಲ್ಲುಚಪ್ಪಡಿ. ನಾಲ್ಕು ಚಪ್ಪಡಿಗೆ ಒಂದು ಕಾಣೆ. ಜೊತೆಗೆ ಬೀದಿಗೊಂದು ನಾಯಿಪಡೆ; ಹೊಸ ನಾಯಿಯನ್ನು ತಮ್ಮ ಸರಹದ್ದು ದಾಟಿಸಿ ಬಿಡುವುದಿಲ್ಲ. ನಮ್ಮವರಿಗೆ ನಾಯಿ ಕಲಿಸಲು ಬಾರದೆಂದಲ್ಲ. ಬೆಂಗಳೂರಿನ ಬಳಿಯ ತರಳುವಿನಲ್ಲಿ ಸಿಆರ್‌ಪಿಎಫ್‌ನ ನಾಯಿ ಶಾಲೆಯಿದೆ. ನಮ್ಮ ಮುಧೋಳ ತಳಿಯನ್ನು ಸೈನ್ಯದವರು 2016ರಲ್ಲಿ ಮೀರತ್‌ಗೆ ಒಯ್ದು ಪಳಗಿಸಿದರು. ಬಾಂಬು ಹುಡುಕಲು ಕಲಿಸಿದಷ್ಟು ಅಕ್ಕರೆಯಿಂದ, ಒಬ್ಬ ಹುಡುಗಿಯನ್ನು ಕಾಲೇಜಿಗೆ ಕರೆದೊಯ್ಯಲು ಕಲಿಸುವ ಶಾಲೆ ಈ ನಾಡಿನಲ್ಲಿ ಏಕೆ ಬೇರೂರಲಿಲ್ಲವೆಂದು ನಾನು ಆಗಾಗ ಯೋಚಿಸುತ್ತೇನೆ. ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಪಶುವೈದ್ಯಕೀಯ ಓದುವ ಆಸೆಯಿದ್ದರೆ ಈ ಮಾತು ಕಿವಿಯಲ್ಲಿರಲಿ.

ಇಷ್ಟರಲ್ಲಿ ಬಂಧುಗಳ ಸಲಹೆ ಬೇರೆ. ‘ಗದಗಕ್ಕೆ ಕಳಿಸಿ, ಸಂಗೀತ ಕಲೀಲಿ.’ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅನ್ನ, ಸ್ವರ ಎರಡನ್ನೂ ಕೊಟ್ಟ ಪುಣ್ಯಾತ್ಮರು. ಆದರೆ ಕಣ್ಣು ಕಾಣದವರೆಲ್ಲ ಹಾಡಲೇಬೇಕೆಂದು ನಮ್ಮ ಜನ ಏಕೆ ತೀರ್ಮಾನಿಸಿದ್ದಾರೋ! ಈ ಹುಡುಗಿಯ ಕಂಠ ನನ್ನದರಂತೆಯೇ. ಪ್ರಾರ್ಥನೆಯ ಸಾಲಿನಲ್ಲಿ ಅವಳನ್ನು ಹಿಂದೆ ನಿಲ್ಲಿಸುತ್ತಿದ್ದರು. ಅವಳಿಗಿಷ್ಟವಾದದ್ದು ವಿಜ್ಞಾನ. ಎಸ್‌ಎಸ್‌ಎಲ್‌ಸಿಯಲ್ಲಿ ಇಂಥ ಮಕ್ಕಳು ಗಣಿತ, ವಿಜ್ಞಾನದ ಬದಲು ಸಮಾಜಶಾಸ್ತ್ರ, ಅರ್ಥಶಾಸ್ತ್ರದಂಥ ವಿಷಯ ತೆಗೆದುಕೊಳ್ಳಬಹುದು. ಒಳ್ಳೆಯ ಅನುಕೂಲವೇ. ಆದರೆ ಶಾಲೆಗಳು ಅದನ್ನು ತಮ್ಮ ಅನುಕೂಲಕ್ಕೆ ಬಳಸಿಕೊಳ್ಳುವುದೂ ಉಂಟು: ಮಗುವನ್ನು ಕೇಳದೆ ಬರೆಸಿಬಿಡುತ್ತಾರೆ. ಇವಳನ್ನು ಕೇಳಿದೆ. ‘ವಿಜ್ಞಾನಾನೇ ಬರೀತೀನಿ ಸಾರ್’ ಅಂದಳು.

ಹಾಗಾದರೆ ಕಣ್ಣಿನ ಪಾಠ ಹೇಗೆ? ರಟ್ಟಿನ ಮೇಲೆ ಫೆವಿಕಾಲ್ ಹಚ್ಚಿ ತೆಂಗಿನ ಹುರಿಯಿಂದ ಕಿರಣದ ಚಿತ್ರ ಮಾಡಿದೆವು. ಮಸೂರದ ಗಡಿಗೆ ದಪ್ಪ ಹುರಿ, ಕಿರಣಕ್ಕೆ ತೆಳು ದಾರ, ನಾಭಿಗೆ ಒಂದು ಕಡಲೆಬೇಳೆ. ತರಗತಿಯ ಬೇರೆ ಮಕ್ಕಳೂ ಕಣ್ಣುಮುಚ್ಚಿ ಬೆರಳಾಡಿಸಿ ಕಲಿತರು. ಆ ವರ್ಷ ಕಿರಣಚಿತ್ರದಲ್ಲಿ ಅಂಕ ಕಳೆದುಕೊಂಡವರು ಕಡಿಮೆ. ಅಕ್ಷಿಪಟಲದ ಚಿತ್ರದಲ್ಲಿ ಅಂಚಿನುದ್ದಕ್ಕೂ ರವೆ ಉದುರಿಸಿ ಅಂಟಿಸಿದ್ದೆ, ಕಂಬಿಕೋಶಗಳೆಂದು. ಅವಳು ಅದರ ಮೇಲೆ ಬಹಳ ಹೊತ್ತು ಬೆರಳಿಟ್ಟಿದ್ದಳು. ‘ನನ್ನವು ಇಲ್ಲಿಂದ ಉದುರ್ತಾ ಇವೆ ಅಲ್ವಾ ಸಾರ್?’ ಅಂದಳು. ಹೌದು ಎಂದೆ. ಮುಂದಿನ ಪುಟಕ್ಕೆ ಹೋದೆವು.

ಪರೀಕ್ಷೆ ಬರೆಯಲು ಕೆಳಗಿನ ತರಗತಿಯ ಹುಡುಗಿಯೊಬ್ಬಳು ಸಹಾಯಕಿ, ಹೆಚ್ಚುವರಿ ಸಮಯ. ವಿಜ್ಞಾನದಲ್ಲಿ ನೂರಕ್ಕೆ 81. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ತೆರೆ ಓದುವ ತಂತ್ರಾಂಶ ಹಾಕಿಕೊಟ್ಟೆವು. ಆಸ್ಟ್ರೇಲಿಯದ ಇಬ್ಬರು ದೃಷ್ಟಿಹೀನ ಯುವಕರು 2006ರಲ್ಲಿ ಶುರುಮಾಡಿ ಜಗತ್ತಿಗೇ ಉಚಿತವಾಗಿ ಕೊಟ್ಟದ್ದು. ಕನ್ನಡವನ್ನೂ ಓದುತ್ತದೆ, ಸ್ವಲ್ಪ ರೋಬೋಟಿನ ಕನ್ನಡ. ಪಿಯುಸಿಗೆ ಅವಳು ವಾಣಿಜ್ಯ ಆರಿಸಿಕೊಂಡಳು. ಬ್ಯಾಂಕಿನ ಕೆಲಸ ಅವಳ ಗುರಿ. ನನಗೆ ಒಳಗೊಳಗೇ ಬೇಸರವಾಯಿತು, ಹೇಳಲಿಲ್ಲ.

ಆಮೇಲೆ ಅವಳಿಗೆ ಸ್ಮಾರ್ಟ್‌ಕೇನ್ ಸಿಕ್ಕಿತು. ದೆಹಲಿಯ ಐಐಟಿಯವರು ರೂಪಿಸಿ 2014ರಲ್ಲಿ ಹೊರತಂದದ್ದು. ಬಿಳಿಕೋಲಿನ ಹಿಡಿಗೆ ಸಿಕ್ಕಿಸುವ ಪುಟ್ಟ ಯಂತ್ರ. ಬಾವಲಿಯಂತೆ ಶ್ರವಣಾತೀತ ಧ್ವನಿ ಬಿಟ್ಟು, ಮೂರು ಮೀಟರಿನೊಳಗೆ ಮೊಣಕಾಲಿನಿಂದ ಮೇಲೆ ಏನಿದ್ದರೂ ಕಂಪನದಿಂದ ತಿಳಿಸುತ್ತದೆ. ಮೂರು ಮೀಟರು ಹೋಗಿ ಬರಲು ಧ್ವನಿಗೆ ಎಷ್ಟು ಹೊತ್ತು ಬೇಕೆಂದು ಅವಳನ್ನೇ ಕೇಳಿದೆ. ‘ಆರನ್ನ ಮುನ್ನೂರ ನಲವತ್ತರಿಂದ ಭಾಗಿಸಿ ಸಾರ್. ಸೆಕೆಂಡಿನ ಐವತ್ತನೇ ಒಂದು ಭಾಗಕ್ಕಿಂತ ಕಮ್ಮಿ’ ಎಂದು ತಕ್ಷಣ ಅಂದಳು. ವಾಣಿಜ್ಯದವರಿಗೆ ಇಷ್ಟು ಬಂದರೆ ಸಾಕು.

ನಾಯಿಯ ಆಸೆಯನ್ನು ತಂದೆ ಪೂರ್ತಿ ಬಿಡಲಿಲ್ಲ. ತೋಟದ ಬೇಲಿಯಲ್ಲಿ ಸಿಕ್ಕಿದ ಒಂದು ಕಂದು ಮರಿಯನ್ನು ತಂದು ಸಾಕಿದ್ದಾನೆ. ರೇಬೀಸ್ ಲಸಿಕೆ ಹಾಕಿಸಿದ್ದಾಯಿತು. ಅದಕ್ಕೆ ಸಿಟ್ ಬಾರದು, ಸ್ಟ್ಯಾಂಡ್ ಬಾರದು. ಅವಳು ಕಾಲೇಜಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಕೋಲನ್ನು ಬಾಯಲ್ಲಿ ಕಚ್ಚಿಕೊಂಡು ಹಿತ್ತಿಲಿಗೆ ಓಡುತ್ತದೆ. ಕೋಲಿನ ತುದಿಯ ರಬ್ಬರನ್ನು ಈವರೆಗೆ ಮೂರು ಸಲ ಬದಲಾಯಿಸಿದ್ದಾರೆ.